ಮೇಷ್ಟ್ರ ಹೆಸರಿನಲ್ಲಿ ಬರೆದ ತಪ್ಪೊಪ್ಪಿಗೆ

ತಾಕ್ ಸುನ್‌ಬೊಕ್ ಹದಿನಾಲ್ಕು ವರ್ಷದವಳಿದ್ದಾಗ ಅವಳ ಉದ್ದ ಜಡೆಯನ್ನು ಕತ್ತರಿಸಿದವಳು ನಾನೇ. ಆಗ ನಾನು ಸೊಲ್ಪೊ ಮೀನುಪೇಟೆಯ ಹಿಂದಿನ ಪಾರ್ಲರಿನಲ್ಲಿ ಕೆಲಸ ಕಲಿಯುತ್ತಿದ್ದೆ. ಈಗ ಆ ಪಾರ್ಲರು ನನ್ನದೇ. ಅವಳ ತಾಯಿ ಬಂದರಿನ ಶೆಡ್ಡಿನಲ್ಲಿ ಚಾಕುವಿನಿಂದ ಸಿಂಪಿಯ ಚಿಪ್ಪು ಬಿಡಿಸುವವಳು. ಬೆರಳಿಗೆ ಸುತ್ತಿದ ಚಿಂದಿಯನ್ನೂ ಬಿಚ್ಚದೆ ಮಗಳನ್ನು ಎಳೆದು ತಂದು ಕುರ್ಚಿಯಲ್ಲಿ ಕೂರಿಸಿದಳು.

"ಗಂಡುಹುಡುಗರ ಥರ ಕತ್ತರಿಸಿಬಿಡಮ್ಮ. ಸ್ಕೂಲಿನ ಹಾಕಿ ಟೀಮಿಗೆ ಸೇರಿಸ್ತಿದೀನಿ. ಅಲ್ಲಿ ಊಟ ಹಾಕ್ತಾರಂತೆ, ಬೂಟೂ ಕೊಡ್ತಾರಂತೆ."

ಜಡೆ ಕೆಳಗೆ ಬಿದ್ದಾಗ ಹುಡುಗಿ ಅಳಲಿಲ್ಲ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, "ಅಕ್ಕಾ, ಊಟಕ್ಕೆ ಮಾಂಸ ಇರುತ್ತಾ?" ಎಂದು ಕೇಳಿದಳು.

ಆ ಟೀಮಿನ ಕೋಚ್ ಗ್ವಾಕ್ ತೆಸೊಪ್. ಊರಿಗೆಲ್ಲ ಗ್ವಾಕ್ ಮೇಷ್ಟ್ರು. ಆಗ ಅವರಿಗೆ ಇಪ್ಪತ್ತೆಂಟು. ಯಾರೂ ಹೆಸರು ಕೇಳಿರದ ನಮ್ಮೂರಿನ ಹೆಣ್ಣುಮಕ್ಕಳನ್ನು ನಾಲ್ಕೇ ವರ್ಷದಲ್ಲಿ ರಾಷ್ಟ್ರೀಯ ಕೂಟದ ಫೈನಲಿಗೆ ತಂದು ನಿಲ್ಲಿಸಿದವರು. ಅವರು ಹೊಡೆಯುತ್ತಿದ್ದರು. ಅದೇನೂ ಗುಟ್ಟಾಗಿರಲಿಲ್ಲ. ಸೋತು ಬಂದ ದಿನ ಹುಡುಗಿಯರನ್ನು ಸಾಲಾಗಿ ಬಗ್ಗಿಸಿ ನಿಲ್ಲಿಸಿ ಹಾಕಿ ಕೋಲಿನಿಂದ ತೊಡೆಯ ಹಿಂದೆ ಬಾರಿಸುತ್ತಿದ್ದರು. ಗೆದ್ದ ದಿನ ಹಂದಿಮಾಂಸವನ್ನು ತಾವೇ ಕೆಂಡದ ಮೇಲೆ ಸುಟ್ಟು ಒಬ್ಬೊಬ್ಬಳ ತಟ್ಟೆಗೂ ಬಡಿಸುತ್ತಿದ್ದರು. ಅವರು ಬಡಿಸಿದ್ದನ್ನು ನಾವು ಎಲ್ಲರಿಗೂ ಹೇಳಿಕೊಂಡು ತಿರುಗಿದೆವು, ಬಾರಿಸಿದ್ದಕ್ಕೆ ಶಿಸ್ತು ಎಂದು ಹೆಸರಿಟ್ಟೆವು.

ಸುನ್‌ಬೊಕ್ ಚೆನ್ನಾಗಿ ಆಡಿದಳು. ದೇಶದ ತಂಡದ ಮೀಸಲು ಆಟಗಾರ್ತಿಯರ ಪಟ್ಟಿಯವರೆಗೂ ಹೋದಳು. ಇಪ್ಪತ್ತೆರಡಕ್ಕೆ ಮೊಣಕಾಲು ಕೈಕೊಟ್ಟಿತು. ಊರಿಗೆ ವಾಪಸು ಬಂದು ತಾಯಿಯ ಪಕ್ಕ ಸಿಂಪಿ ಬಿಡಿಸಲು ಕೂತಳು. ಮೂರು ತಿಂಗಳಾದ ಮೇಲೆ ಗ್ವಾಕ್ ಮೇಷ್ಟ್ರೇ ಶೆಡ್ಡಿಗೆ ಬಂದು, ಆ ಕೆಸರಿನಲ್ಲಿ ನಿಂತು, "ಚಾಕು ಕೆಳಗಿಡು, ಮೈದಾನಕ್ಕೆ ನಡಿ" ಎಂದರು. ಅವತ್ತಿನಿಂದ ಇಪ್ಪತ್ನಾಲ್ಕು ವರ್ಷ ಅವಳು ಅವರ ಸಹಾಯಕಿ. ಬೆಳಗ್ಗೆ ಐದಕ್ಕೆ ಎದ್ದು ಮೈದಾನಕ್ಕೆ ನೀರು ಬಿಡುವುದು, ಹುಡುಗಿಯರ ಕಾಲಿಗೆ ಪಟ್ಟಿ ಸುತ್ತುವುದು, ಬಟ್ಟೆ ಒಗೆಯುವುದು, ಬಸ್ಸಿನಲ್ಲಿ ವಾಂತಿ ಮಾಡಿದವಳ ಬೆನ್ನು ಸವರುವುದು. ಮದುವೆಯ ಮಾತು ತೆಗೆದವರಿಗೆ, "ಇಪ್ಪತ್ತು ಹೆಣ್ಣುಮಕ್ಕಳಿರೋಳನ್ನ ಯಾರು ಕಟ್ಕೋತಾರೆ?" ಎಂದು ನಗುತ್ತಿದ್ದಳು.

ಹೊಡೆತ ಬಿದ್ದ ಸಂಜೆ ಮುಲಾಮು ಹಚ್ಚುವವಳೂ ಅವಳೇ. ಹಚ್ಚುತ್ತ ಹಚ್ಚುತ್ತ, "ಮನೇಲಿ ತೋರಿಸ್ಬೇಡ ಚಿನ್ನ, ಅಮ್ಮ ಸುಮ್ನೆ ನೊಂದ್ಕೋತಾರೆ" ಎನ್ನುತ್ತಿದ್ದಳಂತೆ. ಹುಡುಗಿಯರು ಅವಳನ್ನು ತುಂಬ ಹಚ್ಚಿಕೊಂಡಿದ್ದರು. ಅವಳ ಕೈಬರಹ ಮುದ್ದಾಗಿತ್ತು. ಶಾಲೆಯ ಪ್ರಶಸ್ತಿಪತ್ರ, ಪೋಷಕರಿಗೆ ಬರುತ್ತಿದ್ದ ಚೀಟಿ, ಮೇಷ್ಟ್ರು ಯಾರದಾದರೂ ಸಾವಿನ ಮನೆಗೆ ಒಯ್ಯುವ ಹಣದ ಲಕೋಟೆಯ ಮೇಲಿನ ಹೆಸರು, ಎಲ್ಲ ಅವಳದೇ ಅಕ್ಷರ.

ಇನ್ನು ನನ್ನ ವಿಷಯ. ಮಗಳು ಇಸುಲ್ ಟೀಮಿಗೆ ಸೇರಿದ ದಿನ ನಾನು ಸೋಯಾ ಸಾಸಿನಲ್ಲಿ ನೆನೆಹಾಕಿದ ಏಡಿಯ ಡಬ್ಬಿ ಹಿಡಿದು ಮೇಷ್ಟ್ರ ಮನೆಗೆ ಹೋಗಿದ್ದೆ. "ಮೈದಾನದಲ್ಲಿ ಅವಳು ನಿಮ್ಮ ಮಗಳು ಮೇಷ್ಟ್ರೇ. ಹೊಡೆದಾದ್ರೂ ಸರಿ, ಒಂದು ದಾರಿಗೆ ತನ್ನಿ" ಎಂದೆ. ಯಾರೂ ಹೇಳಿಕೊಟ್ಟ ಮಾತಲ್ಲ, ನನ್ನ ಬಾಯಿಂದಲೇ ಬಂದದ್ದು.

ಇಸುಲ್‌ಳ ಓರಗೆಯವಳು ಯಾಂಗ್ ದಾಸೊಮ್. ತಾಯಿತಂದೆ ಇಲ್ಲ. ಪೇಟೆಯಲ್ಲಿ ಒಣಗಿಸಿದ ಕಡಲಪಾಚಿ ಮಾರುವ ಅಜ್ಜಿಯ ಜತೆ ಇದ್ದಳು. ಹನ್ನೊಂದು ವರ್ಷದ ಹಿಂದೆ, ಪ್ರಾಂತ್ಯದ ಫೈನಲಿನ ಹಿಂದಿನ ದಿನ, ಒಂದು ಪಾಸು ತಪ್ಪಿಸಿದ್ದಕ್ಕೆ ಮೇಷ್ಟ್ರು ಅವಳ ಎಡಗೆನ್ನೆಗೆ ಹೊಡೆದರು. ಹುಡುಗಿ ಕಿವಿ ಹಿಡಿದುಕೊಂಡು ಕುಸಿದಳು. ನಾನು ಅವತ್ತು ಮಕ್ಕಳಿಗೆ ಕಡಲಪಾಚಿಯಲ್ಲಿ ಅನ್ನದ ಕಿಂಬಾಪ್ ಸುತ್ತಿಕೊಂಡು ಹೋಗಿದ್ದೆ. ನನ್ನ ಹತ್ತಿರ ಕಾರಿತ್ತು. ಸುನ್‌ಬೊಕ್ ಹುಡುಗಿಯನ್ನು ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು, ನಾನು ಆಸ್ಪತ್ರೆಗೆ ಓಡಿಸಿದೆ. ಮೇಷ್ಟ್ರು ಬರಲಿಲ್ಲ, ಅಭ್ಯಾಸ ನಡೆಯುತ್ತಿತ್ತು.

ಡಾಕ್ಟರು ಏನಾಯಿತು ಎಂದು ಕೇಳಿದರು. ಸುನ್‌ಬೊಕ್ ಹುಡುಗಿಯ ಕೈ ಹಿಡಿದುಕೊಂಡಿದ್ದಳು. "ಚೆಂಡು ಬಡೀತಲ್ವಾ ದಾಸೊಮ್?" ಎಂದಳು, ತುಂಬ ಮೆತ್ತಗೆ. ಹುಡುಗಿ ಅವಳ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಆಮೇಲೆ ಹೌದು ಎಂದು ತಲೆಯಾಡಿಸಿದಳು. ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು. ಚೆಂಡಿಗೆ ಬೆರಳಿರುವುದಿಲ್ಲ. ನಾನು ಹುಡುಗಿಯ ಮಳೆಯಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ಗೋಡೆಯಲ್ಲಿದ್ದ ಕ್ಯಾಲೆಂಡರು ನೋಡುತ್ತ ನಿಂತಿದ್ದೆ.

ಕಿವಿಯ ತಮಟೆ ಹರಿದಿತ್ತು. ಆ ಕಿವಿ ಮತ್ತೆ ಸರಿಯಾಗಲಿಲ್ಲ. ಶಾಲೆ ಮುಗಿದ ಮೇಲೆ ದಾಸೊಮ್ ಗ್ವಾಂಗ್‌ಜು ನಗರಕ್ಕೆ ಹೋದಳು. ಅಜ್ಜಿ ತೀರಿಕೊಂಡರು. ನಾವು ಮರೆತೆವು. ಮರೆಯುವುದು ನಮಗೆ ಅನುಕೂಲವಾಗಿತ್ತು.

ಕಳೆದ ವಸಂತದಲ್ಲಿ ಮೇಷ್ಟ್ರಿಗೆ ಪ್ರಾಂತ್ಯದವರು ಸನ್ಮಾನ ಘೋಷಿಸಿದರು. ಅದನ್ನು ಓದಿದ ದಾಸೊಮ್ ಅಂತರ್ಜಾಲದಲ್ಲಿ ಬರೆದಳು. ಉದ್ದವೇನಲ್ಲ, ಹತ್ತು ಸಾಲು. ನನ್ನ ಎಡಗಿವಿ ಕೇಳುವುದಿಲ್ಲ, ಕಾರಣ ಈ ಮನುಷ್ಯ, ಎಂದು. ವಾರದೊಳಗೆ ಇನ್ನೂ ಹದಿನೇಳು ಹೆಣ್ಣುಮಕ್ಕಳು ತಮ್ಮ ಕಥೆ ಬರೆದರು. ಟೀವಿಯವರ ವ್ಯಾನು ಮೀನುಪೇಟೆಯಲ್ಲಿ ನಿಂತಿತು. ಸನ್ಮಾನ ರದ್ದಾಯಿತು, ವಿಚಾರಣಾ ಸಮಿತಿ ಕೂತಿತು. ಮೇಷ್ಟ್ರು ಸಾರ್ವಜನಿಕವಾಗಿ ಕ್ಷಮೆ ಕೇಳುತ್ತಾರೆ ಎಂದು ಶಾಲೆ ತಿಳಿಸಿತು.

ಶಾಲೆಯ ಸಭಾಂಗಣಕ್ಕೆ ನಾನೂ ಹೋಗಿದ್ದೆ. ಮೇಷ್ಟ್ರು ಕಪ್ಪು ಸೂಟಿನಲ್ಲಿ ಬಂದರು. ಕೈಯಲ್ಲಿ ಮೂರು ಹಾಳೆ. ಓದುವ ಮೊದಲು ಸೊಂಟ ಮುರಿಯುವ ಹಾಗೆ ಬಗ್ಗಿದರು. ಎಷ್ಟು ಹೊತ್ತು ಬಗ್ಗಿದರೆಂದರೆ ಕ್ಯಾಮೆರಾಗಳ ಸದ್ದು ನಿಂತುಹೋಯಿತು. ಆಮೇಲೆ ಓದಿದರು. ಮೂರನೆಯ ಹಾಳೆಗೆ ಬರುವಷ್ಟರಲ್ಲಿ ಓದು ನಿಂತಿತು. ಮೊಣಕಾಲೂರಿದರು. ಹಲಗೆಯ ನೆಲದ ಮೇಲೆ ಕಣ್ಣೀರು ಬಿದ್ದದ್ದು ನನ್ನ ಸಾಲಿನವರೆಗೂ ಕಾಣುತ್ತಿತ್ತು. ನಾನೂ ಅತ್ತೆ. ಸುನ್‌ಬೊಕ್ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದಳು, ಅವಳ ಕಣ್ಣು ಒಣಗಿತ್ತು.

ಮಾರನೆಯ ದಿನ ಪಾರ್ಲರಿನಲ್ಲಿ ಅದೇ ಮಾತು. ಬಂಗುಡೆ ಮಾರುವ ನಾಮ್ ಆಂಟಿ ತಲೆತುಂಬ ಸುರುಳಿ ಹಾಕಿಸಿಕೊಂಡು ಕೂತಿದ್ದವಳು, "ನನ್ ಗಂಡ ಮೂವತ್ತು ವರ್ಷದಲ್ಲಿ ಒಂದ್ಸಲ ತಪ್ಪಾಯ್ತು ಅಂದಿಲ್ಲ. ಈ ಮನುಷ್ಯ ಮೂರು ಪುಟ ಕೈಯಾರೆ ಬರೆದಿದಾರೆ. ಇನ್ನೇನ್ ಬೇಕಂತೆ?" ಎಂದಳು.

"ಪಿಂಚಣಿ ಹೋಗುತ್ತೆ ಅಂದ್ರೆ ನಿನ್ ಗಂಡ ಮುನ್ನೂರು ಪುಟ ಬರೀತಾನೆ," ಎಂದಳು ಪಕ್ಕದ ಕುರ್ಚಿಯವಳು.

"ಛೆ, ಆ ಕಣ್ಣೀರು ನಾಟಕ ಅಲ್ಲ ಕಣೇ. ಆಸ್ಪತ್ರೆ ಭಾಗ ಓದು, ನಿನಗೇ ಗೊತ್ತಾಗುತ್ತೆ," ಎಂದಳು ನಾಮ್ ಆಂಟಿ.

ಪತ್ರಿಕೆಯಲ್ಲಿ ಕಾಗದದ ಚಿತ್ರವನ್ನೇ ಅಚ್ಚು ಹಾಕಿದ್ದರು. ಕೈ ತೊಳೆದುಕೊಂಡು ಬಂದು ಓದಿದೆ. ಕೊನೆಯ ಹಾಳೆಯಲ್ಲಿ ಹೀಗಿತ್ತು: "ಆಸ್ಪತ್ರೆಯಲ್ಲಿ ನಿನ್ನ ಕೈ ಹಿಡಿದುಕೊಂಡೇ ನಿನ್ನಿಂದ ಸುಳ್ಳು ಹೇಳಿಸಿದೆ. ಪೆಟ್ಟಿಗಿಂತ ಅದು ದೊಡ್ಡ ಪಾಪ. ನೀನು ನನ್ನನ್ನು ನಂಬಿದ್ದೆ. ಆ ನಂಬಿಕೆಯಿಂದಲೇ ನಿನ್ನ ಬಾಯಿ ಮುಚ್ಚಿಸಿದೆ."

ಮೇಷ್ಟ್ರು ಆಸ್ಪತ್ರೆಗೆ ಬಂದೇ ಇರಲಿಲ್ಲ. ಮತ್ತೆ ಆ ಅಕ್ಷರ. ಆರು ವರ್ಷ ಇಸುಲ್‌ಳ ಚೀಟಿಗಳಲ್ಲಿ ನಾನು ನೋಡಿದ್ದ, ಬಾಲವನ್ನು ಒಳಕ್ಕೆ ಸುತ್ತುವ ಆ ಗುಂಡಗಿನ ಅಕ್ಷರ.

ಮಂಗಳವಾರ ಪಾರ್ಲರಿಗೆ ರಜೆ. ಸುನ್‌ಬೊಕ್‌ಳನ್ನು ಬರಹೇಳಿ, ಬಾಗಿಲು ಹಾಕಿ, ಪತ್ರಿಕೆಯನ್ನು ಮುಂದಿಟ್ಟೆ.

"ಇದು ನೀನು ಬರೆದಿದ್ದಲ್ವಾ?"

ಅವಳು ಸುಳ್ಳು ಹೇಳಲಿಲ್ಲ. "ಮೇಷ್ಟ್ರು ಕರೆದು, 'ನನ್ ಅಕ್ಷರ ಕೋಳಿ ಕೆದರಿದ ಹಾಗಿದೆ, ನೀನೇ ಏನಾದ್ರೂ ಬರ್ಕೊಡು' ಅಂದ್ರು ಅಕ್ಕ. ಎಲ್ಲ ಕೆಲಸದ ಹಾಗೇ ಇದೂ ಒಂದು ಅನ್ಕೊಂಡೆ. ಮೊದಲೆರಡು ಹಾಳೆ ಅವರ ಪರವಾಗಿ ಬರೆದೆ. ಮೂರನೇದು ಯಾರ ಪರವಾಗಿ ಬರೀತಿದೀನಿ ಅನ್ನೋದೇ ಗೊತ್ತಾಗ್ಲಿಲ್ಲ. ಕೈ ನಿಲ್ಲಲಿಲ್ಲ."

"ಅವರು ಓದಿ ಏನಂದ್ರು?"

"ಚೆನ್ನಾಗಿದೆ ಅಂದ್ರು." ಪತ್ರಿಕೆಯನ್ನು ಮಡಿಚುತ್ತ ಸೇರಿಸಿದಳು: "ವೇದಿಕೆ ಹತ್ತೋ ಮುಂಚೆ ಕೇಳಿದ್ರು, 'ಯಾವ ಕಿವಿ ಸುನ್‌ಬೊಕ್? ಎಡಗಡೇದೋ ಬಲಗಡೇದೋ?' ಅಂತ."

"ಹಾಗಾದ್ರೆ ಆ ಅಳು ಸುಳ್ಳು."

"ಇಲ್ಲ ಅಕ್ಕ. ಅಳು ನಿಜ. ಮನೆಗೆ ಹೋಗಿ ಎರಡು ದಿನ ಅನ್ನ ಮುಟ್ಲಿಲ್ಲ ಅಂತ ಅವರ ಹೆಂಡತಿ ಹೇಳಿದ್ರು. ನನ್ನ ಎದುರಿಗೂ ಅತ್ರು. 'ಮೂವತ್ತೆರಡು ವರ್ಷ ಕಟ್ಟಿದ್ದೆಲ್ಲ ಹೋಯ್ತಲ್ಲ' ಅಂತ ಅತ್ರು."

ಹೊರಗೆ ಐಸು ಒಡೆಯುವ ಯಂತ್ರದ ಸದ್ದು ಬರುತ್ತಿತ್ತು.

ವಿಷಯ ಅಲ್ಲಿಗೇ ಮುಚ್ಚಿಹೋಗಬಹುದಿತ್ತು. ಊರು ಸಮಾಧಾನವಾಗಿತ್ತು. ಸಮಿತಿಯವರು "ಆಳವಾದ ಪಶ್ಚಾತ್ತಾಪವನ್ನು ಪರಿಗಣಿಸಿ" ಆರು ತಿಂಗಳ ಅಮಾನತು ಸಾಕು ಎನ್ನುವ ಮನಸ್ಸಿನಲ್ಲಿದ್ದಾರೆ ಎಂದು ಸುದ್ದಿ ಬಂತು. ಅಷ್ಟು ಹೊತ್ತಿಗೆ ಮೇಷ್ಟ್ರ ನಿವೃತ್ತಿಯೇ ಬರುತ್ತಿತ್ತು. ಆದರೆ ಸುನ್‌ಬೊಕ್ ಸೊರಗತೊಡಗಿದಳು. ಒಂದು ದಿನ ಫೋನು ಮಾಡಿ, "ಅಕ್ಕ, ಈ ಮಂಗಳವಾರ ಬಿಡುವಿದೆಯಾ? ದಾಸೊಮ್‌ನ ನೋಡೋಕೆ ಹೋಗ್ತೀನಿ. ನೀವೂ ಅವತ್ತು ಇದ್ರಲ್ಲ" ಎಂದಳು. ಕೊನೆಯ ಮಾತನ್ನು ಅವಳು ಆಪಾದನೆಯ ಹಾಗೆ ಹೇಳಲಿಲ್ಲ. ಅದಕ್ಕೇ ಇಲ್ಲವೆನ್ನಲು ನನಗಾಗಲಿಲ್ಲ.

ಬಸ್ಸಿನಲ್ಲಿ ಗ್ವಾಂಗ್‌ಜುಗೆ ಹೋದೆವು. ದಾಸೊಮ್ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿ. ಊಟದ ಬಿಡುವಿನಲ್ಲಿ ಎದುರಿನ ಸಾರನ್ನದ ಅಂಗಡಿಗೆ ಬಂದಳು. ನಮ್ಮಿಬ್ಬರಿಗೂ ಬಲಗಿವಿ ಸಿಗುವ ಹಾಗೆ ಮೂಲೆಯ ಕುರ್ಚಿ ಹುಡುಕಿ ಕೂತಳು. ಬಟ್ಟಲುಗಳು ಬಂದವು. ಯಾರೂ ಚಮಚ ಎತ್ತಲಿಲ್ಲ.

"ದಾಸೊಮ್, ಆ ಕಾಗದ..." ಸುನ್‌ಬೊಕ್ ಶುರು ಮಾಡಿದಳು.

"ನೀವು ಬರೆದಿದ್ದು. ಮೊದಲ ಸಾಲಿಗೇ ಗೊತ್ತಾಯ್ತು ಟೀಚರ್."

"ನಾನು ಬರೆದಿದ್ದೆಲ್ಲ ಸತ್ಯ ಕಣೇ. ಆ ಮೂರನೇ ಹಾಳೆ ನನ್ನ ಮಾತು. ನಿನಗೆ ಹೇಳ್ಬೇಕಾಗಿತ್ತು, ಹನ್ನೊಂದು ವರ್ಷ..."

"ಹೇಳ್ಬೇಕಾಗಿತ್ತು. ನನಗೆ ಹೇಳ್ಬೇಕಾಗಿತ್ತು. ಅವರ ಕೈಗೆ ಯಾಕೆ ಕೊಟ್ರಿ?" ದಾಸೊಮ್ ದನಿ ಎತ್ತಲಿಲ್ಲ. ಫೋನು ತೆಗೆದು ಮೇಜಿನ ಮೇಲೆ ತಳ್ಳಿದಳು. "ಓದಿ. ದಿನಾ ಬರುತ್ತೆ ಇಂಥದು."

ಯಾರು ಯಾರೋ ಬರೆದಿದ್ದರು. ಇಷ್ಟು ಮನಸಾರೆ ಕೇಳಿದ ಮೇಲೂ ಕ್ಷಮಿಸದವಳು ಹೆಣ್ಣೇ? ಮುದುಕನನ್ನು ಮೊಣಕಾಲೂರಿಸಿದೆಯಲ್ಲ, ಸಾಕಾಯಿತೇ? ಆ ಕಾಗದ ಓದಿ ಅತ್ತೆ, ನಿನ್ನ ಎದೆ ಕಲ್ಲೇ?

"ನಿಮ್ಮ ಅಕ್ಷರ ಅಷ್ಟು ಚೆನ್ನಾಗಿದೆ ಟೀಚರ್," ದಾಸೊಮ್ ಹೇಳಿದಳು. "ಆಸ್ಪತ್ರೇಲಿ ಒಂದ್ಸಲ ನನ್ನ ಬಾಯಿ ಮುಚ್ಚಿಸಿದ್ರಿ. ಪೇಪರಿನಲ್ಲಿ ಇನ್ನೊಂದ್ಸಲ. ಅವರು ಕ್ಷಮೆ ಕೆಟ್ಟದಾಗಿ ಕೇಳಿದ್ದಿದ್ರೆ ಜನ ನನ್ ಪರ ಇರ್ತಿದ್ರು."

ಸುನ್‌ಬೊಕ್ ತಲೆ ತಗ್ಗಿಸಿದಳು. "ನಾನು ಸಮಿತಿ ಮುಂದೆ ಹೋಗಿ ಹೇಳ್ತೀನಿ. ಹೇಳ್ಲಾ?"

"ಅದನ್ನೂ ನಾನೇ ಹೇಳ್ಬೇಕಾ? ನಾನು ಹೋಗಿ ಅಂದ್ರೆ ನಾಳೆ ಊರಲ್ಲಿ ದಾಸೊಮ್ ಕಳಿಸಿದ್ಲು ಅಂತಾರೆ. ನಿಮಗೆ ಅನ್ನಿಸಿದ್ರೆ ಹೋಗಿ. ಅನ್ನಿಸದಿದ್ರೆ ಬಿಡಿ."

ಆಮೇಲೆ ನನ್ನ ಕಡೆ ತಿರುಗಿದಳು. "ಇಸುಲ್ ಹೇಗಿದಾಳೆ ಆಂಟಿ?" ಎಂದು ಕೇಳಿದಳು, ಮರ್ಯಾದೆಯಿಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಚೆನ್ನಾಗಿದಾಳೆ" ಎಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಹೇಳಬೇಕಾಗಿದ್ದ ನಲವತ್ತು ಮಾತು ಹೊಳೆದವು.

ಮುಂದಿನ ವಾರವೇ ಸುನ್‌ಬೊಕ್ ಸಮಿತಿಯ ಮುಂದೆ ಹೋದಳು. ಕಾಗದ ಬರೆದದ್ದು ತಾನು, ಆಸ್ಪತ್ರೆಯಲ್ಲಿ ಸುಳ್ಳು ಹೇಳಿಸಿದ್ದು ತಾನು, ಇಷ್ಟು ವರ್ಷ ಕಂಡದ್ದು ಏನೇನು ಎಂದೆಲ್ಲ ಹೇಳಿದಳು. ಯಾರೂ ಕೇಳದೆ ಇನ್ನೊಂದನ್ನೂ ಹೇಳಿದಳು: ಮೇಷ್ಟ್ರು ಊರಲ್ಲಿಲ್ಲದ ಎರಡು ಸಲ ತಾನೂ ಕೋಲು ಎತ್ತಿದ್ದೆ, ಹೊಡೆದಿದ್ದೆ, ಆ ಹುಡುಗಿಯರ ಹೆಸರು ಇಂಥದು ಎಂದು. ಹುಡುಗಿಯರು ಅದನ್ನು ಬರೆದಿರಲಿಲ್ಲ. ಅವಳ ಮೇಲಿನ ಪ್ರೀತಿಗೆ ಬಿಟ್ಟಿದ್ದರು.

ಕಾರಿನಲ್ಲಿದ್ದ ಇನ್ನೊಬ್ಬರು ಯಾರು ಎಂದು ಸಮಿತಿಯವರು ಕೇಳಿದ್ದಕ್ಕೆ ಅವಳು, "ಅವರನ್ನೇ ಕೇಳ್ಕೊಂಡು ಬರ್ತೀನಿ" ಎಂದಳಂತೆ. ನಾನು ಎರಡು ದಿನ ತೆಗೆದುಕೊಂಡೆ. ಕಂಡದ್ದನ್ನು ಬರೆದುಕೊಟ್ಟೆ. ಆದರೆ ಹೆಸರು ಹೊರಗೆ ಬರಬಾರದು ಎಂದು ಕೇಳಿಕೊಂಡೆ. ವರದಿಯಲ್ಲಿ ನಾನು "ಪೋಷಕರೊಬ್ಬರು". ಪಾರ್ಲರು ನಡೆಯಬೇಕಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ಗ್ವಾಕ್ ಮೇಷ್ಟ್ರನ್ನು ಕೆಲಸದಿಂದ ತೆಗೆದರು. ಸುನ್‌ಬೊಕ್‌ಳನ್ನೂ ತೆಗೆದರು. ವಿಚಿತ್ರವೆಂದರೆ, ಊರಿನ ಸಿಟ್ಟೆಲ್ಲ ತಿರುಗಿದ್ದು ಅವಳ ಮೇಲೆ. "ಅನ್ನ ಹಾಕಿದ ಕೈ ಕಚ್ಚಿದ್ಲು," "ತಾನೂ ಹೊಡೆದೋಳು, ಈಗ ಸಾಧ್ವಿ ಥರ ಆಡ್ತಾಳೆ." ನಾಮ್ ಆಂಟಿ ನನ್ನ ಪಾರ್ಲರಿನಲ್ಲೇ ಹೇಳಿದಳು. ನಾನು ಅವಳ ಕೂದಲಿಗೆ ಬಣ್ಣ ಹಚ್ಚುತ್ತಿದ್ದೆ. ಹಚ್ಚುತ್ತಲೇ ಇದ್ದೆ.

ಜೂನಿನಲ್ಲಿ ಒಂದು ಮಧ್ಯಾಹ್ನ ಮೇಷ್ಟ್ರು ಪಾರ್ಲರಿಗೆ ಬಂದರು. ಸದಾ ಕರ್ರಗೆ ಬಣ್ಣ ಹಾಕಿಸುತ್ತಿದ್ದ ಕೂದಲು ಬುಡದಿಂದ ಬೆಳ್ಳಗಾಗಿತ್ತು. "ಗಿಡ್ಡ ಮಾಡಿಬಿಡಿ ಇಸುಲ್ ಅಮ್ಮ. ಮಗನ ಊರಿಗೆ ಹೋಗ್ತಿದೀನಿ," ಎಂದರು. ಅರ್ಧ ಕತ್ತರಿಸಿದ್ದೆ.

"ನೀವೂ ಇದ್ರಲ್ಲ ಅವತ್ತು ಸಭೇಲಿ. ನಾನು ಅತ್ತಿದ್ದು ಸುಳ್ಳು ಅನ್ನಿಸ್ತಾ?"

ಕತ್ತರಿ ನಿಂತಿತು. ಕನ್ನಡಿಯಲ್ಲಿ ಆ ಮುಖ ನಿಜವಾಗಿಯೂ ನೊಂದಿತ್ತು. ಅರವತ್ತು ವರ್ಷದ ಮನುಷ್ಯ, ಬಟ್ಟೆ ಹೊದ್ದು ಕುರ್ಚಿಯಲ್ಲಿ ಸಣ್ಣಗೆ ಕಾಣುತ್ತಿದ್ದರು.

"ನನಗೇನು ಗೊತ್ತಾಗುತ್ತೆ ಮೇಷ್ಟ್ರೇ. ದಾಸೊಮ್‌ನ ಕೇಳ್ಬೇಕು."

"ಅವಳ ನಂಬರು ನನ್ನ ಹತ್ರ ಇಲ್ಲ."

"ಯಾರನ್ನಾದ್ರೂ ಕೇಳಿದ್ರಾ?"

ಸಭೆಯಲ್ಲಿ ಕ್ಷಮೆ ಕೇಳಿ ಮೂರು ತಿಂಗಳಾಗಿತ್ತು. ನನ್ನ ಫೋನು ಅವರ ಎದುರಿಗೇ ಮೇಜಿನ ಮೇಲಿತ್ತು, ಮಗಳ ಓರಗೆಯವಳ ನಂಬರು ಅದರಲ್ಲಿರುತ್ತದೆಂದು ಅವರಿಗೂ ಹೊಳೆಯಬಹುದಿತ್ತು. ಕೇಳಲಿಲ್ಲ. ಕತ್ತರಿಸಿ ಮುಗಿದ ಮೇಲೆ ಎದ್ದು, ಕುತ್ತಿಗೆಯ ಕೂದಲು ಒದರಿಕೊಂಡು, ಬಗ್ಗಿ ನಮಸ್ಕರಿಸಿ ಹೋದರು. ಆ ಮನುಷ್ಯನಿಗೆ ದುಃಖವೇ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ದುಃಖ ಅವರ ಮನೆಯ ಹೊಸ್ತಿಲು ದಾಟಿ ಆ ಹುಡುಗಿಯ ಕಡೆಗೆ ಒಂದು ಹೆಜ್ಜೆಯೂ ಇಡಲಿಲ್ಲ. ಹೀಗೆಂದುಕೊಳ್ಳುವಾಗಲೆಲ್ಲ ನನಗೂ ಒಂದು ಪ್ರಶ್ನೆ ಏಳುತ್ತದೆ: ನಿನ್ನದು ಎಷ್ಟು ಹೆಜ್ಜೆ ಇಟ್ಟಿತು?

ಸುನ್‌ಬೊಕ್ ಈಗ ಬಂದರಿನ ಶೆಡ್ಡಿನಲ್ಲಿ ಕೆಲಸ ಮಾಡುತ್ತಾಳೆ. ಮೊದಮೊದಲು ಅವಳ ಪಕ್ಕದ ಮಣೆಯಲ್ಲಿ ಯಾರೂ ಕೂರುತ್ತಿರಲಿಲ್ಲ. ಅವಳು ಗೊಣಗಲಿಲ್ಲ. ರಜೆಯ ದಿನ ಬಸ್ಸು ಹತ್ತಿ, ತನ್ನ ಕೈಕೆಳಗೆ ಆಡಿದ ಹೆಣ್ಣುಮಕ್ಕಳನ್ನು ಒಬ್ಬೊಬ್ಬಳನ್ನಾಗಿ ಹುಡುಕಿಕೊಂಡು ಹೋಗುತ್ತಾಳೆ. ಮೊದಲೇ ಫೋನು ಮಾಡಿ, ಬರಬಹುದಾ ಎಂದು ಕೇಳುತ್ತಾಳೆ. ಬೇಡ ಎಂದವರ ಮನೆಗೆ ಹೋಗುವುದಿಲ್ಲ. ಹೋದಲ್ಲಿ ತಾನು ಹೆಚ್ಚು ಮಾತಾಡುವುದಿಲ್ಲವಂತೆ. "ನೀನು ಹೇಳು, ನಾನು ಕೇಳೋಕೆ ಬಂದಿದೀನಿ" ಎನ್ನುತ್ತಾಳಂತೆ. ಒಬ್ಬಳು ಬಾಗಿಲಲ್ಲೇ ಉಗಿದಳು. ಇನ್ನೊಬ್ಬಳು ತನ್ನ ಮಗುವನ್ನು ಇವಳ ತೊಡೆಯ ಮೇಲೆ ಕೂರಿಸಿ, ಹೊರಡಲು ಬಿಡಲೇ ಇಲ್ಲ. ದಾಸೊಮ್ ಮತ್ತೆ ಕರೆಯಲಿಲ್ಲ. ಸುನ್‌ಬೊಕ್ ಕೂಡ ಅವಳಿಗೆ ಮತ್ತೆ ಫೋನು ಮಾಡಲಿಲ್ಲ.

ಶರತ್ಕಾಲದ ಹಬ್ಬಕ್ಕೆ ಇಸುಲ್ ಮನೆಗೆ ಬಂದಿದ್ದಳು. ಈ ಎಲ್ಲ ತಿಂಗಳಲ್ಲಿ ನಾವಿಬ್ಬರೂ ಫೋನಿನಲ್ಲಿ ಹವೆಯ ಬಗ್ಗೆ, ಕಿಮ್ಚಿ ಉಪ್ಪಿನಕಾಯಿಯ ಬಗ್ಗೆ ಮಾತಾಡಿದ್ದೆವು, ಇದರ ಬಗ್ಗೆ ಮಾತ್ರ ಇಲ್ಲ. ಹಬ್ಬದ ಮಾರನೆಯ ದಿನ ಅವಳೇ ಸುನ್‌ಬೊಕ್‌ಳನ್ನು ಮನೆಗೆ ಕರೆದಳು. ಇಬ್ಬರೂ ನಡುಮನೆಯಲ್ಲಿ ಕೂತರು. ನಾನು ಪಿಯರ್ ಹಣ್ಣು ಹೆಚ್ಚುವ ನೆಪದಲ್ಲಿ ಅಡುಗೆಮನೆಯಲ್ಲಿ ನಿಂತೆ.

ನನ್ನ ಮಗಳು ಮಾತಿನ ಮಲ್ಲಿಯಲ್ಲ. ಅವತ್ತು ಎರಡು ಗಂಟೆ ಮಾತಾಡಿದಳು. ಯಾವ ವರ್ಷ, ಯಾವ ಪಂದ್ಯ, ಎಷ್ಟು ಪೆಟ್ಟು, ಬಸ್ಸಿನಲ್ಲಿ ಕೂರಲಾಗದೆ ನಿಂತು ಬಂದದ್ದು, ಬೇಸಿಗೆಯಲ್ಲೂ ಮನೆಯಲ್ಲಿ ಉದ್ದ ಪೈಜಾಮ ಹಾಕಿದ್ದು. ಆ ಪೈಜಾಮಗಳನ್ನು ಒಗೆದವಳು ನಾನು. ಸುನ್‌ಬೊಕ್ ನಡುನಡುವೆ "ಹೌದು", "ನೆನಪಿದೆ", "ಅದು ನಾನೇ" ಎನ್ನುವುದು ಕೇಳುತ್ತಿತ್ತು. ಒಂದು ಸಲ ಇಸುಲ್ ಕಿರುಚಿದಳು.

ಬಾಗಿಲು ಸರಿಯಿತು. ಇಸುಲ್‌ಳ ಮುಖ ಊದಿತ್ತು. ನಾನು ತಟ್ಟೆ ಎತ್ತಿಕೊಂಡೆ.

"ಹಣ್ಣು ಆಮೇಲೆ," ಎಂದಳು. "ಅಮ್ಮ, ನೀನೂ ಬಂದು ಕೂತ್ಕೊ. ನಿನ್ನ ಹತ್ರಾನೂ ಮಾತಾಡೋದಿದೆ."

ತಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು ಒಳಗೆ ಹೋದೆ. ಸುನ್‌ಬೊಕ್ ಸ್ವಲ್ಪ ಸರಿದು ನನಗೆ ಜಾಗ ಬಿಟ್ಟಳು.